ಅರಿಶಿನ ನಿಲ್ಲದ ಕಲ್ಲು

ಇದು ಹೀಗೇ ನಡೆಯಿತೆಂದು ಆಣೆಯಿಟ್ಟು ಹೇಳಲಾರೆ. ಅರ್ಧ ನಾನೇ ಕಟ್ಟಿಕೊಂಡದ್ದಿರಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಲೈನ್‌ಮನ್ ಇದ್ದರು. ಕೆರೆಯಂಗಳದ ಕಲ್ಲುಗಳನ್ನು ಆಯ್ದು ತಂದು, ಮರಳು ನೀರಿನ ಜೊತೆ ಡಬ್ಬಕ್ಕೆ ತುಂಬಿ, ಹಳೇ ಮೋಟಾರಿಗೆ ಕಟ್ಟಿ ವಾರಗಟ್ಟಲೆ ಉರುಳಿಸುತ್ತಿದ್ದರು. ಆಗಾಗ ಒಂದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡು, "ಇನ್ನೂ ಒರಟು" ಎಂದು ಮತ್ತೆ ಒಳಗೆ ಹಾಕುವರು.

ಬೈರಕೂರಿನ ಹೊಲ ಮಾರಿದಾಗ ಅವರ ತಾಯಿ ಅಲ್ಲಿನ ದೇವರನ್ನು, ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲನ್ನು, ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು. ಆಕೆ ತಾಯಲೂರಿನ ಮಗಳ ಮನೆಗೆ ಹೋಗಿದ್ದಾಗ ಇವರು ಅದನ್ನೂ ಡಬ್ಬಕ್ಕೆ ಹಾಕಿದರು. ತಾಯಿ ಬಂದೊಡನೆ ಹೊಳೆಯುವ ದೇವರನ್ನು ಕೊಟ್ಟು, ಮೆಚ್ಚುಗೆಗೆ ಕಾದು ನಿಂತರು. ಆಕೆ ಅರಿಶಿನ ಬಳಿದರು, ಜಾರಿತು. ಮತ್ತೆ ಬಳಿದರು.

"ನಿಲ್ತಾನೇ ಇಲ್ವಲ್ಲೋ. ನಮ್ಮ ದೇವ್ರೆಲ್ಲೋ?"

"ಇದೇ ಕಣಮ್ಮಾ."

"ಗೋಲಿ ಆಡೋ ವಯಸ್ಸೇನೋ ನಂದು?"

ಆ ಸಂಜೆ ಮಗ ಬಟ್ಟೆ ಒಗೆಯುವ ಕಲ್ಲಿಗೆ ದೇವರನ್ನು ಉಜ್ಜುತ್ತ ಕೂತಿದ್ದ. ಕೆನ್ನೆಗೆ ಒತ್ತಿಕೊಂಡು "ಇನ್ನೂ ನುಣುಪು" ಎಂದದ್ದೂ ನೆನಪಿದೆ. ಆ ಮಾತು ಇಲ್ಲಿಗೆ ತೀರಾ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನಂಬಲಾರೆ.

ಹೋದ ವರ್ಷ ಆ ಲೈನ್‌ಮನ್ನರ ಮಗಳ ಮನೆಯಲ್ಲಿ ಆ ದೇವರ ಕಲ್ಲನ್ನು ಕೇಳಿ ಕೈಯಲ್ಲಿ ಹಿಡಿದು ನೋಡಿದೆ. ಒಂದು ಬದಿ ಗಾಜಿನಂತೆ ನುಣುಪಾಗಿದೆ. ಇನ್ನೊಂದು ಬದಿ ಒರಟು; ಅರಿಶಿನ ಅಲ್ಲಿ ಗಟ್ಟಿಯಾಗಿ ನಿಂತಿದೆ.