ರಬ್ಬರಿನಲ್ಲಿ ಅಳಿಸಿದ ಮೂರು ಸಾಲು

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದು ರೇಷ್ಮೆ ನೂಲಿಗೆ ಹುರಿ ಕೊಡುವ ಟ್ವಿಸ್ಟಿಂಗ್ ಮಿಷನ್ ಹತ್ತಿರ ನಿಂತಾಗ ಇನ್ನೂ ಎಂಬತ್ತರ ದಶಕ. ತಂಗಿ ಓದಿದಳು. ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ವಾಪಸು ಬಂದು, ಕೊಳ್ಳೇಗಾಲದಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಎರಡು ಸಾವಿರ ಇಸವಿ ದಾಟಿ ಎರಡು ಮೂರು ವರ್ಷ ಆಗಿತ್ತು.

ಅವಳಿಗೆ ಪಾಠ ಹೇಳಿದ್ದ ಮೈಸೂರಿನ ಮೇಷ್ಟ್ರು ಆಗ ಒಂದು ಕೆಲಸ ಕೊಟ್ಟರು. ಅವರೂ ಅವರ ಸ್ನೇಹಿತರೂ ಸೇರಿ ಒಂದು ಡಿಬಗರ್ ತಯಾರು ಮಾಡುತ್ತಿದ್ದರು. ಅದನ್ನು ಪರೀಕ್ಷೆ ಮಾಡಿ ವರದಿ ಬರೆಯಬೇಕಿತ್ತು. ಕೆಲಸ ಸರಿಹೋದರೆ ತಮ್ಮ ಕಾಲೇಜಿನ ಲ್ಯಾಬಿಗೆ ಅವಳ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದರು. ಆ ಲ್ಯಾಬಿನ ಕೆಲಸ ಅವಳಿಗೆ ಎಷ್ಟು ಬೇಕಿತ್ತು ಅನ್ನುವುದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಡಿಬಗರ್ ಅಂದರೇನು ಅಂತ ಕೇಳಿದೆ.

"ಓಡ್ತಾ ಇರೋ ಪ್ರೋಗ್ರಾಮ್ನ ಇಡ್ದು ನಿಲ್ಸಿ, ಒಳಗೆ ಎಲ್ಲಿ ತಪ್ಪಾಗದೆ ಅಂತ ನೋಡೋದು ಕಣಣ್ಣ. ಒಂದೇ ಪ್ರೋಗ್ರಾಮ್‌ನಲ್ಲಿ ನಾಕು ಎಳೆ ಒಟ್ಟಿಗೆ ಓಡ್ತಿರ್ತವೆ. ನಿಲ್ಲು ಅಂದ್ರೆ ನಾಕೂ ನಿಲ್ಬೇಕು. ಒಂದು ಓಡ್ತಾ ಇದ್ರೆ ನಾವು ನೋಡೋ ಒತ್ಗೆ ಒಳಗಿರೋದೆಲ್ಲ ಬದಲಾಗೋಯ್ತದೆ."

ಎಳೆ ಅಂದಳಲ್ಲ, ನನಗೆ ಅರ್ಥವಾಯಿತು ಅಂದುಕೊಂಡೆ. ದಿನಾ ಎಳೆ ನೋಡುವವನೇ ನಾನು. ಅಲ್ಲೇ ಎಡವಿದ್ದು.

ಮಧ್ಯಾಹ್ನ ಕರೆಂಟ್ ಹೋದರೆ ನಮ್ಮ ಮಿಷನ್ ನಿಲ್ಲುತ್ತಿತ್ತು. ಸೆಂಟರಿನಲ್ಲಿ ಬ್ಯಾಟರಿ ಇತ್ತು. ಅವಳು ಪಕ್ಕದ ರೂಮಿನಲ್ಲಿ ಕ್ಲಾಸ್ ತೆಗೆದುಕೊಳ್ಳುವಾಗ ಅವಳ ಬದಲು ಆ ಪರೀಕ್ಷೆಗೆ ನಾನು ಹೋಗಿ ಕೂರುತ್ತಿದ್ದೆ. ಒತ್ತಬೇಕಾದ ಎರಡು ಕೀಗಳ ಮೇಲೆ ಅವಳು ತನ್ನ ಹಣೆಯ ಸ್ಟಿಕ್ಕರ್ ಅಂಟಿಸಿದ್ದಳು, ಕೆಂಪು ಚುಕ್ಕೆ. ಪರದೆ ಮೇಲೆ ನಾಲ್ಕು ಸಂಖ್ಯೆ ಏರುತ್ತಿದ್ದವು, ಎಳೆಗೊಂದು. ಎರಡು ಚುಕ್ಕೆಯನ್ನೂ ಒಟ್ಟಿಗೆ ಒತ್ತಿದರೆ ನಾಲ್ಕೂ ನಿಲ್ಲಬೇಕು. ನೋಟ್‌ಬುಕ್ಕಿನಲ್ಲಿ "ನಿಂತಿತು" ಇಲ್ಲವೇ "ಓಡಿತು" ಅಂತ ಬರೆಯಬೇಕು. ಆಮೇಲೆ ಅವಳು ಕಲಿಸಿದ್ದ ಒಂದು ಅಕ್ಷರ ಒತ್ತಿ ಮತ್ತೆ ಓಡಿಸಬೇಕು. "ಒಂದೇ ಸಮ್ಕೆ ಒತ್ಬೇಡ, ಮನಸ್ಸಿಗೆ ಬಂದಾಗ ಒತ್ತು. ತಪ್ಪು ಯಾವ ಗಳಿಗೇಲಿ ಸಿಕ್ತದೋ ಗೊತ್ತಿಲ್ಲ" ಅಂದಿದ್ದಳು. ದಿನಕ್ಕೆ ನೂರು ಸಲ.

ಸೆಂಟರಿನ ಯಜಮಾನರು ಬಾಗಿಲಲ್ಲಿ ನಿಂತು, "ಏನ್ ಗುರುವೇ, ಸ್ಪಿಂಡಲ್ ಬಿಟ್ಟು ಇದಕ್ಕೆ ಕೈ ಆಕಿದಿಯಾ? ಕೆಡ್ಸಿಗಿಡ್ಸಿಯಾ" ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಮೂರನೇ ದಿನ ಒತ್ತಿದಾಗ ಮೂರು ಸಂಖ್ಯೆ ನಿಂತವು, ಒಂದು ಏರುತ್ತಲೇ ಇತ್ತು. "ಓಡಿತು" ಅಂತ ಬರೆದೆ. ಆ ಮಧ್ಯಾಹ್ನವೇ ಇನ್ನೆರಡು ಸಲ ಹಾಗಾಯಿತು. ಬರೆದೆ. ಬರೆದ ಮೇಲೆ ಭಯ ಹಿಡಿಯಿತು. ನನ್ನ ಬೆರಳು ಒಂದು ಕೀ ಮೇಲೆ ಮೊದಲು, ಇನ್ನೊಂದರ ಮೇಲೆ ಆಮೇಲೆ ಬಿದ್ದಿರಬೇಕು, ನಾನೇ ಏನೋ ಕೆಡಿಸಿದೆ ಅನ್ನಿಸಿತು. ಹಾಗೇ ಇನ್ನೊಂದು ಯೋಚನೆ ಬಂತು. ನಮ್ಮ ಮಿಷನ್ನಿನಲ್ಲಿ ಬೆಲ್ಟ್ ತಪ್ಪಿಸಿದ ಮೇಲೂ ನೂಲು ತಿರುಗಿಸುವ ಸ್ಪಿಂಡಲ್‌ಗಳು ಓಡಿದ ರಭಸಕ್ಕೆ ಸ್ವಲ್ಪ ಹೊತ್ತು ತಿರುಗುತ್ತವೆ. ಎಣ್ಣೆ ಚೆನ್ನಾಗಿ ಬಿದ್ದಿರುವುದು ಇನ್ನೂ ಜಾಸ್ತಿ ಹೊತ್ತು ತಿರುಗುತ್ತದೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಇದೂ ಅಂಥದ್ದೇ ಇರಬೇಕು ಅಂದುಕೊಂಡೆ. ಅವಳ ಕ್ಲಾಸ್ ಮುಗಿಯುವ ಮೊದಲೇ ಮೂರು ಸಾಲನ್ನೂ ರಬ್ಬರಿನಲ್ಲಿ ಅಳಿಸಿ "ನಿಂತಿತು" ಅಂತ ಬರೆದುಬಿಟ್ಟೆ.

ಇಷ್ಟೇ ಆಗಿದ್ದರೆ ತಿಳಿಯದವನ ತಪ್ಪು ಅಂತ ನನ್ನನ್ನು ನಾನೇ ಬಿಟ್ಟುಬಿಡುತ್ತಿದ್ದೆನೋ ಏನೋ.

ವರದಿ ಹೋಯಿತು. ಹತ್ತು ದಿನದ ಮೇಲೆ ಮೇಷ್ಟ್ರಿಂದ ಇ-ಮೇಲ್ ಬಂತು. ಬೇರೆ ಯಾರಿಗೋ ಒಂದು ಎಳೆ ನಿಲ್ಲದೆ ಓಡಿತಂತೆ, ನಿನಗೆ ಒಂದು ಸಲವೂ ಹಾಗೆ ಕಾಣಲಿಲ್ಲವೇ ಅಂತ ಕೇಳಿದ್ದರು. ಅವಳು ಅದನ್ನು ಕಾಗದದ ಮೇಲೆ ಬರೆದುಕೊಂಡು ಮನೆಗೆ ಬಂದಳು. ನಾನು ಊಟಕ್ಕೆ ಕೂತಿದ್ದೆ.

"ಅಣ್ಣ, ನಿಜ ಏಳು. ಒಂದ್ಸಲನೂ ಓಡ್ನಿಲ್ವಾ?"

"ಎಲ್ಲಾ ನಿಂತೊ ಕಣ್ ಕೂಸೇ."

"ಕಣ್ಣಾರೆ ನೋಡ್ದಾ?"

"ನಾನೇನ್ ಕುರುಡ್ನಾ? ದಿನಾ ನೂರಾರು ಸ್ಪಿಂಡಲ್ ನೋಡವ್ನು ನಾಕು ನೋಡಕಾಗಕಿಲ್ವಾ?"

ಅವಳು ನಕ್ಕಳು. ನಕ್ಕು, ನೂರಕ್ಕೆ ನೂರೂ ನಿಂತಿವೆ, ತನ್ನ ಪರೀಕ್ಷೆಯಲ್ಲಿ ಅನುಮಾನ ಬೇಡ ಅಂತ ಉತ್ತರ ಬರೆದಳು.

ಮೇಷ್ಟ್ರು ಅವಳನ್ನು ಮೈಸೂರಿಗೆ ಕರೆಸಿ ತಮ್ಮ ಎದುರೇ ಒತ್ತಿಸಿದರು. ಏಳನೇ ಸಲಕ್ಕೆ ಒಂದು ಎಳೆ ಓಡಿತು. ಅವರು ಬೈಯಲಿಲ್ಲವಂತೆ. "ನೋಡದೇ ಬರೀಬಾರದು ಕಣಮ್ಮ" ಅಂದರಂತೆ. ಲ್ಯಾಬಿನ ಕೆಲಸ ಬೇರೆಯವರಿಗೆ ಹೋಯಿತು.

"ನಾನೇ ಸರಿಯಾಗಿ ನೋಡ್ಲಿಲ್ಲ ಸಾರ್ ಅಂದ್ಬುಟ್ಟೆ" ಅಂತ ಬ್ಯಾಗ್ ಕೆಳಗಿಡುತ್ತಾ ಹೇಳಿದಳು. ನಾನು ನೀರು ಕೊಟ್ಟೆ. ಮಾರನೆಯ ದಿನ ಕರೆಂಟ್ ಹೋದಾಗ ಸೆಂಟರಿಗೆ ಹೋದೆ. ಕೀಗಳ ಮೇಲೆ ಸ್ಟಿಕ್ಕರ್ ಇರಲಿಲ್ಲ.

ಮುಂದಿನ ವರ್ಷ ಅವಳಿಗೆ ಯಳಂದೂರಿನ ಕಡೆ, ಮಾಂಬಳ್ಳಿಗೆ ಮದುವೆಯಾಯಿತು. ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ತೋರಿಸುತ್ತಾಳೆ. ಎರಡು ಸಾವಿರದ ನಾಲ್ಕರಲ್ಲಿ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗ, ಹಿತ್ತಲಲ್ಲಿ ಕಾಯಿ ಸುಲಿಯುತ್ತಾ ಕೂತು, ಎಲ್ಲ ಹೇಳಿದೆ. ಮೂರು ಸಲ ಓಡಿದ್ದು, ಅಳಿಸಿದ್ದು, ಕೇಳಿದಾಗ ಸುಳ್ಳು ಹೇಳಿದ್ದು.

ಅವಳು ಅಳುತ್ತಾಳೆ ಅಂದುಕೊಂಡೆ, ಇಲ್ಲವೇ ಎದ್ದು ಹೋಗುತ್ತಾಳೆ ಅಂದುಕೊಂಡೆ.

"ಯಾವ ಎಳೆ ಅಣ್ಣ?" ಅಂದಳು.

"ಆಂ?"

"ನಾಕರಲ್ಲಿ ಯಾವುದು ಓಡಿದ್ದು? ಮೂರು ಸಲನೂ ಅದೇನಾ, ಬೇರೆ ಬೇರೆಯಾ? ಅದು ಗೊತ್ತಿದ್ರೆ ತಪ್ಪು ಎಲ್ಲದೆ ಅಂತ ಇಡೀಬೋದಿತ್ತು."

ನನಗೆ ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಅಳಿಸಿದ ಸಾಲಿನ ಪಕ್ಕದಲ್ಲಿ ಎಷ್ಟನೇ ಎಳೆ ಅಂತಲೂ ಬರೆದಿದ್ದೆ ಅನ್ನುವುದಷ್ಟೇ ನೆನಪಿತ್ತು. ಅದನ್ನೇ ಹೇಳಿದೆ.

"ಬರ್ದಿದ್ದಾ" ಅಂದಳು. ಆಮೇಲೆ ನನ್ನ ಕೈಯಿಂದ ಕಾಯಿ ಈಸಿಕೊಂಡು ತಾನೇ ಸುಲಿಯತೊಡಗಿದಳು.