ಕಂಬಳಿ ಲಕ್ಕಣ್ಣ ದುಡ್ಡು ವಾಪಸ್ ಕೊಟ್ಟ ಬಗೆ

ಸಖರಾಯಪಟ್ಟಣದ ಲಕ್ಕಣ್ಣ ನೇಯ್ದ ಕಂಬಳಿ ಹೊದ್ದವನಿಗೆ ಚಳಿ ತಾಗುವುದಿಲ್ಲ, ಮಳೆ ತಾಗುವುದಿಲ್ಲ, ಹೆಂಡತಿಯ ಬೈಗುಳವೂ ತಾಗುವುದಿಲ್ಲ. ಒಮ್ಮೆ ಬುಕ್ಕಾಂಬುಧಿ ಕೆರೆಯಲ್ಲಿ ಒಂದೇ ಒಂದು ಕಂಬಳಿ ಅದ್ದಿ ತೆಗೆದದ್ದಕ್ಕೆ ಕೆರೆಯ ನೀರು ನಾಲ್ಕು ಬೆರಳು ಇಳಿಯಿತಂತೆ. ಕೆಳಗಿನ ಗದ್ದೆಯವರು ಓಡಿಬಂದು, "ಅಣ್ಣಾ, ಹಿಂಡಿಬಿಟ್ಟು ಹೋಗು" ಎಂದು ಕೈಮುಗಿದರಂತೆ. ಕೆಮ್ಮಣ್ಣುಗುಂಡಿಯಲ್ಲಿ ಡಿಸೆಂಬರ್ ಚಳಿಯಲ್ಲಿ ಇದನ್ನು ಹೊದ್ದು ಮಲಗಿದ ಪ್ರವಾಸಿಗನೊಬ್ಬ ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ಎದ್ದು, ರೂಮಿಗೆ ಫ್ಯಾನ್ ಯಾಕಿಲ್ಲ ಎಂದು ಜಗಳ ತೆಗೆದನಂತೆ. ಇದರಲ್ಲಿ ಅರ್ಧ ಸುಳ್ಳಿರಬಹುದು. ಯಾವ ಅರ್ಧ ಅನ್ನುವುದು ಲಕ್ಕಣ್ಣನಿಗೂ ಗೊತ್ತಿಲ್ಲ.

ನಲವತ್ತು ವರ್ಷ ಅವನು ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಹೆಗಲ ಮೇಲೆ ಕಂಬಳಿ ಹೇರಿಕೊಂಡು ಮಾರಿದ. ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಕಂಬಳಿ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಮನೆಗೇ ಹೋಗಬೇಕು, ಜಗಲಿಯ ಮೇಲೆ ಕೂರಬೇಕು, ದುಡ್ಡು ಅವರ ಕೈ ಸೇರುವ ತನಕ ಏಳಬಾರದು. ಎದ್ದರೆ ಕಂಬಳಿಗೆ ಅಪಮಾನ. ಕಂಬಳಿ ಹಾಸಿದರೆ ಅದು ಗದ್ದುಗೆ, ಅದರ ಮೇಲೆ ದೇವರು ಕೂರುತ್ತಾನೆ. ದೇವರು ಕೂರುವ ವಸ್ತುವಿನ ವಿಷಯದಲ್ಲಿ ಯಾರು ತಾನೇ ಸುಳ್ಳು ಹೇಳುತ್ತಾರೆ? ಸಂತೆಯಲ್ಲಿ ಈ ನಂಬಿಕೆ ಚೆನ್ನಾಗಿಯೇ ನಡೆಯಿತು. ಯಾಕೆಂದರೆ ಅಲ್ಲಿ ಸುಳ್ಳು ಹೇಳಿದವನು ಮುಂದಿನ ವಾರ ಅದೇ ಸಂತೆಗೆ ಸೊಪ್ಪು ಕೊಳ್ಳಲು ಬರಲೇಬೇಕಿತ್ತು.

ಬರಬರುತ್ತ ಸಂತೆಯಲ್ಲಿ ಕಂಬಳಿ ಕೇಳುವವರು ಇಲ್ಲವಾದರು. ಆಗ ಕಡೂರಿನಲ್ಲಿ ಬಿ.ಕಾಂ. ಓದಿದ ಸೊಸೆ ಪ್ರತಿಮಾ ಕಂಬಳಿಗಳ ಫೋಟೊ ತೆಗೆದು ಆನ್‌ಲೈನ್ ಮಾರುಕಟ್ಟೆಗೆ ಹಾಕಿದಳು. ಹಾಕಿದ್ದೇ ತಡ, ಲಕ್ಕಣ್ಣ ಹೆಸರೇ ಕೇಳದ ಊರುಗಳಿಂದ ಆರ್ಡರು ಬಂತು. ನಿಂತುಹೋಗಿದ್ದ ಮಗ್ಗ ಮತ್ತೆ ಲಟಲಟ ಅಂದಿತು. ಈಗ ಮನೆಯ ಒಲೆ ಉರಿಯುವುದೇ ಆ ಫೋನಿನೊಳಗಿನ ಅಂಗಡಿಯಿಂದ.

ಆರ್ಡರಿನ ಹಿಂದೆಯೇ ವಾಪಸ್ಸೂ ಬಂತು. ಒಬ್ಬರಿಗೆ ಚುಚ್ಚುತ್ತದಂತೆ. ಇನ್ನೊಬ್ಬರಿಗೆ ಕುರಿ ವಾಸನೆಯಂತೆ.

"ಕುರಿ ಉಣ್ಣೇಲಿ ಕುರಿ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದಾ?" ಎಂದ ಲಕ್ಕಣ್ಣ. ಆದರೂ ಕೇಳಿದವರಿಗೆಲ್ಲ ಕೊಟ್ಟ. ಬೆಂಗಳೂರಿನವನೊಬ್ಬ ಫೋನು ಮಾಡಿ, "ಅಂಕಲ್, ಆ್ಯಪಿಂದ ದುಡ್ಡು ಬರೋದು ತಡ ಆಗುತ್ತೆ, ನೀವೇ ಫೋನಿಂದ ಹಾಕ್ಬಿಡಿ, ಅಲ್ಲಿ ನಾನು ಕ್ಯಾನ್ಸಲ್ ಮಾಡ್ತೀನಿ" ಎಂದ. ಜಗಲಿಯ ಮೇಲೆ ಕೂರಲಾಗಲಿಲ್ಲವಲ್ಲ ಎಂಬ ನಾಚಿಕೆಯಲ್ಲಿ ಲಕ್ಕಣ್ಣ ಕೂಡಲೇ ಹಾಕಿದ. ಆ ಕಡೆಯಿಂದ ಆ್ಯಪೂ ಹಾಕಿತು. ಒಂದು ಕಂಬಳಿಗೆ ಎರಡು ಸಲ ದುಡ್ಡು ಕೊಡುವ ಪುಣ್ಯಾತ್ಮ ಇದ್ದಾನೆ ಎಂಬ ಸುದ್ದಿ ಆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿತು. ವಾರದೊಳಗೆ ಅದೇ ಕಟ್ಟಡದ ಏಳು ಜನರ ಕಂಬಳಿ ಕೆಟ್ಟವು. ವಾಪಸ್ ಬಂದ ಒಂದು ಪಾರ್ಸೆಲ್ಲಿನಲ್ಲಿ ಹಳೇ ಲುಂಗಿಯೂ ಅರ್ಧ ಇಟ್ಟಿಗೆಯೂ ಇದ್ದವು.

"ಪಾಪ, ಅವಸರದಾಗೆ ಬೇರೇದು ಇಟ್ಟವ್ರೆ" ಎಂದ ಲಕ್ಕಣ್ಣ, ಇಟ್ಟಿಗೆಯನ್ನು ಜೋಪಾನವಾಗಿ ಎತ್ತಿಟ್ಟು.

ಪ್ರತಿಮಾ ಆ ಏಳು ಜನಕ್ಕೂ ಫೋನು ಮಾಡಿ ಎರಡನೇ ಸಲದ ದುಡ್ಡು ಕೇಳಿದಳು. ಏಳು ಜನವೂ ಅಂಗಡಿಗೆ ಒಂದೊಂದೇ ನಕ್ಷತ್ರ ಕೊಟ್ಟು ಸೇಡು ತೀರಿಸಿಕೊಂಡರು. ಮಾರುಕಟ್ಟೆಯವರಿಂದ ಕಾಗದ ಬಂತು: ಇನ್ನೊಂದು ಒಂಟಿ ನಕ್ಷತ್ರ ಬಿದ್ದರೆ ಅಂಗಡಿ ಮುಚ್ಚುತ್ತೇವೆ.

ಅವತ್ತು ಸೊಸೆ ಮಾವನನ್ನು ಮಗ್ಗದಿಂದ ಎಬ್ಬಿಸಿ ಎದುರಿಗೆ ಕೂರಿಸಿಕೊಂಡಳು.

"ಮಾವ, ಇನ್ಮೇಲೆ ನಿಮ್ಮ ಕೈಯಿಂದ ಒಂದು ಪೈಸಾನೂ ಹೋಗಂಗಿಲ್ಲ. ದುಡ್ಡು ಯಾವ ದಾರೀಲಿ ಬಂತೋ ಅದೇ ದಾರೀಲಿ ವಾಪಸ್ ಹೋಗ್ಬೇಕು. ಆ್ಯಪಿಂದಾನೇ."

"ಕೇಳ್ದೋರ್ನ ಕಾಯಿಸದಾ?"

"ಕಾಯ್ಲಿ. ಮೊದ್ಲು ಕಂಬಳಿ ಮನೆಗೆ ಬರ್ಬೇಕು. ನಾನು ವಿಡಿಯೊ ಹಿಡ್ಕಂಡು ಪಾರ್ಸೆಲ್ ಬಿಚ್ತೀನಿ. ಕಂಬಳಿನೋ ಇಟ್ಟಿಗೆನೋ ನೋಡಿ, ಆಮೇಲೆ ಆ್ಯಪಲ್ಲಿ ವಾಪಸ್ ಬಟನ್ ಒತ್ತೋದು."

"ಗಿರಾಕಿನ ಕಳ್ಳ ಅಂತೀಯೇನವ್ವಾ?"

"ಇಟ್ಟಿಗೆ ಕಳ್ಸಿದ್ದು ನಾನಾ? ಇನ್ನೊಂದು. ಆಫೀಸಿಂದ ಮಾತಾಡ್ತಿದೀನಿ, ಓಟಿಪಿ ಹೇಳಿ ಅಂತ ಯಾರಾದ್ರೂ ಕೇಳಿದ್ರೆ ಏನ್ಮಾಡ್ತೀರಿ?"

ಲಕ್ಕಣ್ಣ ಬಹಳ ಯೋಚಿಸಿ, "ಮನೇಲಿ ಎಲ್ರೂ ಚೆನ್ನಾಗವ್ರಾ ಅಂತ ಕೇಳ್ತೀನಿ" ಎಂದ.

"ಕಟ್ ಮಾಡ್ತೀರಿ!"

"ಆಯ್ತು ಕಣವ್ವಾ, ಕಟ್ ಮಾಡ್ತೀನಿ. ಚೆನ್ನಾಗವ್ರಾ ಅಂತ ಕೇಳಿ ಕಟ್ ಮಾಡ್ತೀನಿ."

ಹೀಗಿರುವಾಗ ತರೀಕೆರೆಯ ಶಕುಂತಲಮ್ಮ ಎಂಬ ನಿವೃತ್ತ ಟೀಚರು ಮೂರು ತೂತುಗಳ ಫೋಟೊ ಕಳಿಸಿ ದುಡ್ಡು ವಾಪಸ್ ಕೇಳಿದರು. ಲಕ್ಕಣ್ಣ ಫೋಟೊ ನೋಡಿದವನೇ ಮಂಕಾದ. ನುಸಿ ಹೊಡೆದ ತೂತು. ಮಳೆಗಾಲದಲ್ಲಿ ಅಟ್ಟದ ಮೇಲೆ ಮರೆತಿದ್ದ ಕಂಬಳಿ ಅದು. ತಪ್ಪು ತನ್ನದೇ. ಈ ಒಬ್ಬ ಟೀಚರಮ್ಮ ಮುನಿದರೆ ಅಂಗಡಿ ಮುಚ್ಚಿತು, ಮಗ್ಗ ನಿಂತಿತು. ಪ್ರತಿಮಾ "ಕೊರಿಯರ್‌ನೋರು ಹೋಗಿ ತಗಂಡು ಬತ್ತಾರೆ" ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನು ಕಡೂರು ಬಸ್ಸಿನ ಕಿಟಕಿ ಪಕ್ಕ ಕೂತಿದ್ದ.

ಶಕುಂತಲಮ್ಮನ ಗಂಡ ರೇವಣಪ್ಪ ಬಾಗಿಲು ತೆಗೆದ. ಎದುರಿಗೆ ಪೇಟ ಸುತ್ತಿದ ಅಪರಿಚಿತ, ಕೈಮುಗಿದು ನಿಂತಿದ್ದಾನೆ.

"ಯಾರಪ್ಪಾ?"

"ಕಂಬಳಿಯೋನು ಸ್ವಾಮಿ. ತಪ್ಪಾಗೈತೆ, ದುಡ್ಡು ಕೊಡಾಕೆ ಬಂದೀನಿ." ಎಂದವನೇ ಜಗಲಿಯ ಮೇಲೆ ಕೂತ. ಒಳಜೇಬಿನಿಂದ ಸಾವಿರದ ಆರುನೂರೈವತ್ತು ತೆಗೆದ. ಆಮೇಲೆ ನೆನಪಾಗಿ ಸೊಸೆಗೆ ಫೋನು ಮಾಡಿದ.

ಪ್ರತಿಮಾಳ ದನಿ ಫೋನಿಲ್ಲದೆಯೂ ತರೀಕೆರೆಗೆ ಕೇಳುವ ಹಾಗಿತ್ತು. "ಕೈಯಾಗೆ ಕೊಟ್ರೆ ಕೊಟ್ಟಿದ್ದಕ್ಕೆ ಸಾಕ್ಷಿ ಏನು ಮಾವ? ಆ್ಯಪು ಇನ್ನೊಂದ್ಸಲ ಕೊಡುತ್ತೆ. ಕಂಬಳಿನೂ ನೀವು ತರಂಗಿಲ್ಲ, ಕೊರಿಯರಲ್ಲೇ ಬರ್ಬೇಕು. ದುಡ್ಡು ಒಳಗಿಡಿ!"

"ನಿಮ್ಮ ಸೊಸೆ ಹೇಳೋದು ಸರಿ ಕಣ್ರೀ" ಎಂದರು ಒಳಗಿಂದ ಬಂದ ಶಕುಂತಲಮ್ಮ. "ಕ್ರಮ ಅಂದ್ರೆ ಕ್ರಮ. ನಂಗೇನು ಅವಸರ ಇಲ್ಲ. ಕಾಫಿ ಕುಡ್ದು ಹೊರಡಿ."

ಲಕ್ಕಣ್ಣ ದುಡ್ಡು ಒಳಗಿಟ್ಟ. ಸೊಸೆಯ ಕಾನೂನು ಪಾಲಿಸಿದ. ಆದರೆ ಮನೆತನದ ಕಟ್ಟಳೆಯನ್ನು ಮೀರಬೇಕೆಂದು ಸೊಸೆ ಹೇಳಿರಲಿಲ್ಲ. ಕಾಫಿ ಕುಡಿದ. ಏಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರು. ಉಂಡ. ಸಂಜೆ ರೇವಣಪ್ಪ ಮೆಲ್ಲಗೆ, "ಕಡೂರಿಗೆ ಕೊನೇ ಬಸ್ಸು..." ಎಂದು ಶುರುಮಾಡಿದ.

"ದುಡ್ಡು ಅಮ್ಮಾರ ಕೈ ಸೇರ್ಲಿ ಸ್ವಾಮಿ, ಹೊರಡ್ತೀನಿ."

ಮರುದಿನ ಶುಕ್ರವಾರ ಕೊರಿಯರ್‌ನವನು ಬಂದು ಕಂಬಳಿ ಒಯ್ದ. ತರೀಕೆರೆಯಿಂದ ಸಖರಾಯಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಕೊರಿಯರ್ ಹತ್ತಿದ ಕಂಬಳಿ ಶಿವಮೊಗ್ಗಕ್ಕೆ ಹೋಯಿತು, ಅಲ್ಲಿಂದ ಹುಬ್ಬಳ್ಳಿಗೆ, ಭಾನುವಾರ ಅಲ್ಲೇ ವಿಶ್ರಾಂತಿ ಪಡೆದು ಬೆಂಗಳೂರಿಗೆ. ಲಕ್ಕಣ್ಣ ಅರವತ್ತೆರಡು ವರ್ಷದಲ್ಲಿ ನೋಡದ ಊರನ್ನೆಲ್ಲ ಅವನ ಕಂಬಳಿ ನಾಲ್ಕು ದಿನದಲ್ಲಿ ನೋಡಿತು. ರೇವಣಪ್ಪ ಬೆಳಿಗ್ಗೆ ಎದ್ದು ಫೋನು ನೋಡಿ, "ಇವತ್ತು ತುಮಕೂರು ದಾಟೈತಪ್ಪಾ" ಎಂದು ಜಗಲಿಗೆ ಸುದ್ದಿ ಮುಟ್ಟಿಸುತ್ತಿದ್ದ. ಅವನಿಗೇನೋ ಖುಷಿಯೇ. ಮಾತಾಡಲು ಜನ ಸಿಕ್ಕಿದ್ದ.

ಶಕುಂತಲಮ್ಮನಿಗೆ ಅಷ್ಟು ಖುಷಿಯಿರಲಿಲ್ಲ. ಲಕ್ಕಣ್ಣ ಮುದ್ದೆ ನುಂಗುವ ಸದ್ದು ಮೂರನೇ ಮನೆಗೆ ಕೇಳುತ್ತಿತ್ತು. ತಿಂಗಳಿಗೆ ಬರಬೇಕಾದ ರಾಗಿ ಹಿಟ್ಟಿನ ಡಬ್ಬ ಸೋಮವಾರಕ್ಕೇ ತಳ ಕಂಡಿತು. ಪಕ್ಕದ ಮನೆಯವರು, "ಯಾರ್ರೀ ಟೀಚರ್, ಬೀಗರಾ?" ಎಂದು ಕೇಳತೊಡಗಿದರು.

ಮಂಗಳವಾರ ಶಕುಂತಲಮ್ಮ ಜಗಲಿಗೆ ಬಂದು ನಿಂತರು. "ಲಕ್ಕಣ್ಣನೋರೇ, ಕೈಮುಗೀತೀನಿ. ನಂಗೆ ಕಂಬಳಿನೂ ಬೇಡ, ದುಡ್ಡೂ ಬೇಡ. ನೀವು ಹೊರಟ್ರೆ ಬಸ್ ಚಾರ್ಜೂ ನಾನೇ ಕೊಡ್ತೀನಿ."

"ಅದೆಂಗಾಯ್ತದೆ ತಾಯಿ? ನಿಮ್ಮ ದುಡ್ಡು ನುಂಗ್ದೋನು ಅನ್ನಿಸ್ಕಂಡು ನಾನು ಎದ್ದು ಹೋಗ್ಲಾ?"

ಬುಧವಾರ ಕಂಬಳಿ ಸಖರಾಯಪಟ್ಟಣ ಮುಟ್ಟಿತು. ಪ್ರತಿಮಾ ಫೋನನ್ನು ಡಬ್ಬಕ್ಕೆ ಒರಗಿಸಿ, ಪಾರ್ಸೆಲ್ಲಿನ ಆರೂ ಮುಖ ತೋರಿಸಿ, ಬಿಚ್ಚಿ, ಮೂರು ತೂತಿನಲ್ಲೂ ಬೆರಳು ತೂರಿಸಿ ವಿಡಿಯೊ ಮಾಡಿ, ಆಮೇಲೆ ಒತ್ತಿದಳು. ಬ್ಯಾಂಕು ತನ್ನ ಮರ್ಯಾದೆಗೆ ಇನ್ನೊಂದು ದಿನ ತೆಗೆದುಕೊಂಡಿತು. ಗುರುವಾರ ಮಧ್ಯಾಹ್ನ ಶಕುಂತಲಮ್ಮನ ಫೋನು ಟಿಂಗ್ ಎಂದಿತು. ಅವರು ಬರಿಗಾಲಲ್ಲೇ ಓಡಿಬಂದು ಜಗಲಿಯವನಿಗೆ ಪರದೆ ತೋರಿಸಿದರು. ಲಕ್ಕಣ್ಣ ಎದ್ದ. ಟವೆಲು ಕೊಡವಿದ. "ಲೆಕ್ಕ ಚುಕ್ತಾ ಆಯ್ತಲ್ಲ ತಾಯಿ" ಎಂದು ಕೈಮುಗಿದು ಹೋದ. ಅವನು ಏಳು ದಿನದಲ್ಲಿ ಉಂಡದ್ದಕ್ಕೆ ಎರಡು ಹೊಸ ಕಂಬಳಿ ಬರುತ್ತಿದ್ದವು ಎಂದು ರೇವಣಪ್ಪ ಈಗಲೂ ಹೇಳುತ್ತಾನೆ, ಆದರೆ ನಗುತ್ತ.

ಸಂಜೆ ಅಂಗಡಿಯ ಪುಟದಲ್ಲಿ ಶಕುಂತಲಮ್ಮನ ಅಭಿಪ್ರಾಯ ಬಂತು. ಪ್ರತಿಮಾ ಉಸಿರು ಹಿಡಿದು ಓದಿದಳು. "ಕಂಬಳಿಯಲ್ಲಿ ತೂತಿತ್ತು. ಪೂರ್ತಿ ಹಣ ವಾಪಸ್ ಬಂದಿದೆ. ದೂರು ಕೊಟ್ಟ ಕೂಡಲೇ ಮಾರಾಟಗಾರರು ಸ್ವತಃ ಮನೆಗೆ ಬರುತ್ತಾರೆ. ಹಣ ತಲುಪುವವರೆಗೆ ಹೋಗುವುದಿಲ್ಲ. ಊಟಕ್ಕೆ ಮುದ್ದೆ ಆಗಬೇಕು." ನಾಲ್ಕು ನಕ್ಷತ್ರ.

ಅಂಗಡಿ ಉಳಿಯಿತು. ಆ ಬರಹವನ್ನು ಎಷ್ಟು ಜನ ಓದಿದರೋ, ಅವತ್ತಿನಿಂದ ವಾಪಸ್ ಕೇಳುವವರು ಒಬ್ಬೊಬ್ಬರಾಗಿ ಮಾಯವಾದರು. ಹೋದ ತಿಂಗಳು ಬೆಂಗಳೂರಿನವನೊಬ್ಬ, ಬಣ್ಣ ಫೋಟೊದಲ್ಲಿದ್ದಂತಿಲ್ಲ ಎಂದು ದೂರು ಹಾಕಿದ. ಹತ್ತು ನಿಮಿಷದಲ್ಲಿ ತಾನೇ ಹಿಂತೆಗೆದುಕೊಂಡು ಬರೆದ: "ಬಿಸಿಲಿಗೆ ಹಿಡಿದು ನೋಡಿದೆ, ಬಣ್ಣ ಸರಿಯಾಗಿದೆ. ದಯವಿಟ್ಟು ಯಾರೂ ಬರುವುದು ಬೇಡ."

ಲಕ್ಕಣ್ಣ ಅದನ್ನು ಸೊಸೆಯಿಂದ ಎರಡು ಸಲ ಓದಿಸಿ ಕೇಳಿದ.

"ನೋಡ್ದಾ, ನೀನು ಸುಮ್ನೆ ಗಿರಾಕಿಗಳ್ನ ಅನುಮಾನ ಪಡ್ತಿದ್ದೆ. ಜನ ಎಷ್ಟು ಒಳ್ಳೇರು!"

ಪ್ರತಿಮಾ ಮುಂದಿನ ಕಂಬಳಿ ಮಡಿಸಿ, ವಿಡಿಯೊ ಒತ್ತಿ, ಪ್ಯಾಕು ಮಾಡಲು ಕೂತಳು.