ಲೇಡೀಸ್ ಡಬ್ಬಿಯ ಲೀಡರ್‌ಶಿಪ್ ಕ್ಲಾಸು

ಖಾಲಿ ಊಟದ ಡಬ್ಬಿಯೊಳಗೆ ಚಮಚ ಗಡಗಡ ಉರುಳುವ ಸದ್ದು ಎಲ್ಲಾದರೂ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನಗೆ ರೈಲುಗಾಡಿ ತಪ್ಪಿಹೋಗುತ್ತದೆ ಅನ್ನಿಸುತ್ತದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಆ ವರ್ಷಗಳಲ್ಲಿ, ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಹಿಂದಿನ ಬೆಂಚುಗಳಿಂದ ಆ ಸದ್ದು ಏಳುತ್ತಿತ್ತು. ಖಾನಾಪುರ ಕಡೆಯ ಹುಡುಗಿಯರು ಕಣ್ಣನ್ನು ಬೋರ್ಡಿನ ಮೇಲೆ ಇಟ್ಟುಕೊಂಡೇ, ಕಾಲಿನಿಂದ ಚೀಲವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಚೀಲದಲ್ಲಿದ್ದ ಅಲ್ಯುಮಿನಿಯಂ ಡಬ್ಬಿಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಎಕನಾಮಿಕ್ಸ್ ಸರ್ ಸೀಮೆಸುಣ್ಣ ಕೆಳಗಿಟ್ಟು, ಗಾಡಿ ಇನ್ನೂ ಬೆಳಗಾವಿ ಮುಟ್ಟಿಲ್ಲ, ಸ್ವಲ್ಪ ತಡೀರಿ ಎನ್ನುತ್ತಿದ್ದರು. ಗಂಟೆ ಬಾರಿಸಿದ್ದೇ ತಡ, ಅವರೆಲ್ಲ ಸ್ಟೇಷನ್ನಿನ ಕಡೆ ಓಡುತ್ತಿದ್ದರು.

ನಾನು ಓಡುವವಳಲ್ಲ. ನಮ್ಮ ಮನೆ ಊರೊಳಗೇ, ಖಾಸಬಾಗದಲ್ಲಿ. ಕಾನ್ವೆಂಟಿನಲ್ಲಿ ಕಲಿತವಳು, ಸಿಸ್ಟರ್‌ಗಳ ಕೈಯಲ್ಲಿ ತಿದ್ದಿಸಿಕೊಂಡ ಇಂಗ್ಲಿಷು, ನಡೆಯುವಾಗ ಬೆನ್ನು ನೆಟ್ಟಗಿರಬೇಕೆಂಬ ಅಭ್ಯಾಸ. ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಖಾನಾಪುರದಾಚೆಯ ಗುಂಜಿಯ ಹುಡುಗಿ. ಎಮ್ಮೆ, ಹೊಲ, ಅಷ್ಟಿಷ್ಟು ಗೇರುಮರ ಇದ್ದ ಮನೆತನ. ಅರ್ಧ ಕನ್ನಡ, ಅರ್ಧ ಮರಾಠಿ ಮಾತು. ಅದೂ ಕ್ಲಾಸಿನಲ್ಲಿ ಅಲ್ಲ, ನನ್ನ ಕಿವಿಯಲ್ಲಿ ಮಾತ್ರ. ಹಾಜರಿ ಕರೆದಾಗ ಅವಳ ‘ಪ್ರೆಸೆಂಟ್’ ನನಗಷ್ಟೇ ಕೇಳಿಸುತ್ತಿತ್ತು. ಸರ್‌ಗೆ ಮುಟ್ಟಿಸುವ ಕೆಲಸ ನನ್ನದು.

ಬಿ.ಎ. ಕೊನೆಯ ವರ್ಷದಲ್ಲಿ ಮೈಸೂರಿನ ಕಡೆಯ ಮೇಡಂ ಒಬ್ಬರು ಹೊಸದಾಗಿ ಬಂದರು. ವಯಸ್ಸು ಸಣ್ಣದು, ಮಾತು ರೇಡಿಯೋದ ಹಾಗೆ ಸ್ವಚ್ಛ. ಎಲ್ಲೋ ಟ್ರೇನಿಂಗಿನಲ್ಲಿ ಲೀಡರ್‌ಶಿಪ್ ಎಂಬ ವಿಷಯ ಕಲಿತು ಬಂದಿದ್ದರು. ಹುಡುಗಿಯರಿಗೆ ಅದನ್ನು ಕಲಿಸುತ್ತೇನೆ, ವರ್ಷದ ಕೊನೆಗೆ ಸರ್ಟಿಫಿಕೇಟ್ ಕೊಡುತ್ತೇನೆ ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿದರು. ಹೆಸರು ಕೊಟ್ಟವರು ಬೆರಳೆಣಿಕೆಯಷ್ಟು. ಅದರಲ್ಲೂ ಹೆಚ್ಚಿನವರು ಗಾಡಿಯ ಹುಡುಗಿಯರೇ. ಬಿ.ಎಡ್. ಸೀಟಿಗೆ ಆ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆಂದು ಮೇಡಂ ಹೇಳಿದ್ದರು. ನನ್ನ ಗೆಳತಿಗೆ ಟೀಚರ್ ಆಗುವ ಆಸೆ. ನನಗೆ? ನಾನು ಹುಟ್ಟಾ ಲೀಡರ್ ಎಂದು ನನಗೆ ಖಾತ್ರಿಯಿತ್ತು. ಅದಕ್ಕೊಂದು ಕಾಗದ ಸಿಕ್ಕರೆ ಬೇಡವೆನ್ನಲೇಕೆ?

ಮೊದಲ ದಿನ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳನ್ನು ಹಂಚಿದರು. ಕ್ಲಿಯರ್ ವಾಯ್ಸ್, ಐ ಕಾಂಟ್ಯಾಕ್ಟ್, ಇನಿಶಿಯೇಟಿವ್. ಕನ್ನಡಿಯೆದುರು ನಿಂತು ನನ್ನ ಜೊತೆಗೇ ನಾನು ಐ ಕಾಂಟ್ಯಾಕ್ಟ್ ಮಾಡಿದೆ. ನಮ್ಮ ಅವ್ವ ಕಣ್ಣಿಗೆ ಏನಾದರೂ ಬಿದ್ದಿದೆಯೇ ಎಂದು ಸೆರಗಿನ ತುದಿ ಹಿಡಿದುಕೊಂಡು ಬಂದಳು.

ತೊಂದರೆ ಎಲ್ಲಿ ಬಂತೆಂದರೆ, ಕ್ಲಾಸು ಇಟ್ಟದ್ದು ಕೊನೆಯ ಪೀರಿಯಡ್ ಆದ ಮೇಲೆ. ಕ್ಲಾಸಿಗೆ ಕೂತರೆ ಗಾಡಿ ಇಲ್ಲ. ಗಾಡಿ ಹಿಡಿದರೆ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಗೆಳತಿ ಮೊದಲ ಕ್ಲಾಸಿಗೆ ಕೂತಳು. ಖಾನಾಪುರದ ತನಕ ಬಸ್ಸು ಹಿಡಿದು, ಅಲ್ಲಿಂದ ಯಾವುದೋ ಲಾರಿಯಲ್ಲಿ ಹೆಂಗಸರ ಜೊತೆ ಕೂತು ಊರು ಮುಟ್ಟುವಾಗ ಕತ್ತಲಾಗಿತ್ತು. ಅವಳ ಮನೆಯಲ್ಲಿ ಅಜ್ಜನ ಮಾತೇ ಮಾತು. ಆತ ಬೈಯಲಿಲ್ಲವಂತೆ. ಮರುದಿನ ಬೆಳಿಗ್ಗೆ, ದೀಪ ಹಚ್ಚುವ ಮೊದಲು ಮನೆ ಸೇರಬೇಕು, ಇನ್ನೊಮ್ಮೆ ಹೀಗಾದರೆ ಕಾಲೇಜು ಸಾಕು ಎಂದನಂತೆ. ಇದನ್ನು ಅವಳು ನನಗೆ ಹೇಳಿದ್ದು ಮಧ್ಯಾಹ್ನ ರೊಟ್ಟಿ ಮುರಿಯುತ್ತ, ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಧಾಟಿಯಲ್ಲಿ. ನಾನು ಮಾತ್ರ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಎದ್ದೆ.

ಇನಿಶಿಯೇಟಿವ್ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ನಾನೊಂದು ಡೆಲಿಗೇಶನ್ ಕಟ್ಟಿದೆ. ಗಾಡಿಯ ಹುಡುಗಿಯರನ್ನೆಲ್ಲ ಹಿಂದೆ ನಿಲ್ಲಿಸಿ, ಪ್ರಿನ್ಸಿಪಾಲರ ಕೋಣೆಯಲ್ಲಿ ‘ವಿತ್ ಡ್ಯೂ ರೆಸ್ಪೆಕ್ಟ್ ಸರ್’ ಎಂದು ಶುರುಮಾಡಿದವಳು ಉಸಿರು ಬಿಡದೆ ಇಂಗ್ಲಿಷಿನಲ್ಲಿ ಮಾತಾಡಿದೆ. ಜಸ್ಟಿಸ್ ಅಂದೆ, ರೂರಲ್ ವುಮನ್‌ಹುಡ್ ಅಂದೆ, ಇನ್‌ಕನ್ವೀನಿಯನ್ಸ್ ಎಂಬ ಮಾತನ್ನಂತೂ ಹಾರದಲ್ಲಿ ಹೂವು ಪೋಣಿಸಿದ ಹಾಗೆ ಅಲ್ಲಲ್ಲಿ ಇಟ್ಟೆ. ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಸಂಗೀತ ಕೇಳುವ ಹಾಗೆ ಕೇಳಿದರು. ಮುಗಿದ ಮೇಲೆ ಎದ್ದು ನಿಂತು, ಇಂಥ ಉಚ್ಚಾರ ಈ ಕಾಲೇಜಿನಲ್ಲಿ ಕೇಳಿ ಎಷ್ಟು ವರ್ಷವಾಯಿತು ಎಂದು, ಇಂಟರ್ ಕಾಲೇಜ್ ಡಿಬೇಟಿಗೆ ನನ್ನ ಹೆಸರು ಬರೆದುಕೊಂಡರು. ಎಲ್ಲರಿಗೂ ಒಂದೊಂದು ಪೆಪ್ಪರಮಿಂಟು ಕೊಟ್ಟರು. ನಾವು ಹೊರಗೆ ಬಂದೆವು. ಕ್ಲಾಸಿನ ವೇಳೆ ಇದ್ದಲ್ಲೇ ಇತ್ತು.

ಗೆಳತಿ ಪೆಪ್ಪರಮಿಂಟು ಚೀಪುತ್ತ ಹೇಳಿದಳು: “ಭಾಳ ಚಂದ ಮಾತಾಡಿದಿ ನೋಡವಾ. ನನ್ನ ಗಾಡಿ ಸುದ್ದಿ ಒಂದ ಅವ್ರಿಗೆ ತಿಳೀಲಿಲ್ಲ.”

ಪ್ರಿನ್ಸಿಪಾಲರು ಆಗದಿದ್ದರೆ ಅಜ್ಜನೇ ಸರಿ ಎಂದು ಭಾನುವಾರ ಗುಂಜಿಗೆ ಹೊರಟೆ. ಕೈಯಲ್ಲಿ ಕುಂದಾ ಮಿಠಾಯಿಯ ಪೊಟ್ಟಣ, ತಲೆಯಲ್ಲಿ ಕನ್ನಡಕ್ಕೆ ತಂದುಕೊಂಡ ಭಾಷಣ. ಅಜ್ಜ ಎಮ್ಮೆಯ ಕೋಡಿಗೆ ಎಣ್ಣೆ ತಿಕ್ಕುತ್ತಿದ್ದ. ಉದ್ದ ಕೈಕಾಲು, ಬಿಳಿ ಮೀಸೆ, ತಲೆಗೆ ಸುತ್ತಿದ ಟವೆಲು. ನಾನು ಐ ಕಾಂಟ್ಯಾಕ್ಟ್ ಮಾಡಿದೆ. ಎಮ್ಮೆ ನನ್ನೊಡನೆ ಮಾಡಿತು, ಅಜ್ಜ ಮಾಡಲಿಲ್ಲ. ಭಾಷಣ ಪೂರ್ತಿ ಕೇಳಿದ ಮೇಲೆ, ನಿನ್ನ ಮನೆಯಿಂದ ಕಾಲೇಜಿಗೆ ಹೋಗುವ ಹಾದಿಯಲ್ಲಿ ಏನೇನು ಬರುತ್ತದೆ ಎಂದು ಕೇಳಿದ. ಹಿಟ್ಟಿನ ಗಿರಣಿ, ನೇಕಾರರ ಮಗ್ಗ, ಟೇಲರ್ ಅಂಗಡಿ ಎಂದೆಲ್ಲ ಹೇಳಿದೆ. ಹಾಗಿದ್ದರೆ ನಮ್ಮ ಹಾದಿಯನ್ನೂ ನೋಡು ಎಂದು ಎಣ್ಣೆ ಕೈಯಲ್ಲೇ ನನ್ನನ್ನು ಸ್ಟೇಷನ್ನಿನ ಕಾಲುದಾರಿಗೆ ಕರೆದುಕೊಂಡು ಹೋದ. ಎರಡೂ ಬದಿಗೆ ಕಾಡು. ದಾರಿಯ ಪಕ್ಕದ ಹುತ್ತವನ್ನು ಏನೋ ಒಂದು, ಗುದ್ದಲಿಯಿಂದ ಅಗೆದ ಹಾಗೆ, ಬಗೆದು ಹಾಕಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು.

“ಕರಡಿದು,” ಅಂದ ಅಜ್ಜ. “ಕತ್ತಲಾತಂದ್ರ ಈ ಹಾದಿ ಅದರದು. ನಿಮ್ಮ ಕಾಲೇಜ ಬಾಯಾರು ಅದಕ್ಕೂ ಕಲಸ್ತಾರೇನು, ಲೀಡರ್ಕಿ?”

ನನ್ನ ಭಾಷಣದಲ್ಲಿ ಸ್ತ್ರೀಶಿಕ್ಷಣವಿತ್ತು, ಸಮಾನತೆ ಇತ್ತು. ಕರಡಿಯ ಬಗ್ಗೆ ಒಂದು ಪಾಯಿಂಟೂ ಇರಲಿಲ್ಲ. ಹಳೆಯ ಕಾಲದ ಹಟಮಾರಿ ಮುದುಕ ಎಂದುಕೊಂಡು ಬಂದಿದ್ದ ನಾನು, ಬಿಸಿಲಿನಲ್ಲೇ ಸುತ್ತಮುತ್ತ ನೋಡುತ್ತ ಅವನ ಹಿಂದೆ ಅಂಟಿಕೊಂಡು ವಾಪಸು ನಡೆದೆ. ಊಟ ಮಾಡಿಸಿ, ಉಡಿಗೆ ಅಕ್ಕಿ ಕಾಯಿ ಹಾಕಿ ಕಳಿಸಿದರು.

ತಿರುಗಿ ಬರುವಾಗ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ನನ್ನಂಥವಳಿಗೆ ಅದು ಶಿಕ್ಷೆ. ಗಾಡಿ ಖಾನಾಪುರದಲ್ಲಿ ನಿಂತು, ಎದುರಿನ ಗಾಡಿ ಬರುವ ತನಕ ಕಾಯಿತು. ಆಗೆಲ್ಲ ಒಂದೇ ಹಳಿ. ಹೋಗುವ ಗಾಡಿ, ಬರುವ ಗಾಡಿ ಅಲ್ಲೇ ಒಂದನ್ನೊಂದು ದಾಟಬೇಕು. ಸಂಜೆಯೂ ಹೀಗೇ ಎಂದು ಗೆಳತಿ ಹೇಳಿದ್ದು ನೆನಪಾಯಿತು. ಬೆಳಗಾವಿಯಿಂದ ಸಂಜೆ ಗಾಡಿ ಹತ್ತಿದವರು ಖಾನಾಪುರದಲ್ಲಿ ಇಳಿದು, ಎದುರಿನ ಗಾಡಿ ಹತ್ತಿದರೆ ಮತ್ತೆ ಬೆಳಗಾವಿ. ಹೋಗುವ ಹೊತ್ತಿನಲ್ಲೇ ಒಂದು ಕ್ಲಾಸು ಆರಾಮಾಗಿ ಮುಗಿಯುತ್ತದೆ!

ಮೇಡಂಗೆ ಹೇಳಿದೆ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಸಂಜೆ ಕಳೆಯುತ್ತಿದ್ದ ಆಕೆಗೆ ನಗು ತಡೆಯಲಾಗಲಿಲ್ಲ. ಬ್ಲ್ಯಾಕ್‌ಬೋರ್ಡ್ ಒಂದು ಇರುವುದಿಲ್ಲ, ಅದು ಅಷ್ಟರಮಟ್ಟಿಗೆ ಒಳ್ಳೆಯದೇ ಎಂದರು. ಮತ್ತೆ ಪ್ರಿನ್ಸಿಪಾಲರ ಕೋಣೆ. ಈ ಸಲ ಗೆಳತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೇ ಮಾತು ಹೇಳಿದೆ: “ಸರ್, ತಡಾ ಆದ್ರ ಈಕೀ ಕಾಲೇಜ ಬಿಡಸ್ತಾರ್ರಿ. ಕ್ಲಾಸು ಗಾಡ್ಯಾಗ ಮಾಡಾಕ ಬಿಡ್ರಿ.”

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಇದನ್ನ ಅವತ್ತ ಯಾಕ ಹೇಳಲಿಲ್ಲವಾ?”

ಹಾಗೆ ನಮ್ಮ ಕ್ಲಾಸು ಹಳಿಗೆ ಬಿತ್ತು. ಬೆಳಗಾವಿ ಊರಿನವರೇ ಆದ ಇಬ್ಬರು ಹುಡುಗಿಯರು ಗೊಣಗಿದರು, ಆಮೇಲೆ ಜಾಲಿ ಟ್ರಿಪ್ ಎಂದುಕೊಂಡು ಬಂದರು. ಮಚ್ಛೆಯ ಕಾರ್ಖಾನೆಗಳ ಶೀಟುಗಳು ದೂರದಲ್ಲಿ ಮಿಂಚುವ ಹೊತ್ತಿಗೆ ಮೇಡಂ ಹಾಜರಿ ಮುಗಿಸುತ್ತಿದ್ದರು. ಇಂಜಿನ್ನಿನ ಮಸಿ ಹಾರಿಬಂದು ಲೀಡರ್‌ಶಿಪ್ ಹಾಳೆಗಳ ಮೇಲೆ ಫುಲ್‌ಸ್ಟಾಪ್ ಇಡುತ್ತಿತ್ತು. ಡಬ್ಬಿಯ ಉಳಿದ ಹೆಂಗಸರು ಮೊದಲೆರಡು ದಿನ ನಮ್ಮನ್ನು ಭಜನಾ ಮಂಡಳಿ ಎಂದುಕೊಂಡು, ಯಾವಾಗ ಹಾಡುತ್ತೀರಿ ಎಂದು ಕಾದರು.

ಒಬ್ಬೊಬ್ಬರಿಗೂ ಒಂದು ಪ್ರಾಕ್ಟಿಕಲ್. ಡಬ್ಬಿಯಲ್ಲಿ ಏನಾದರೂ ಒಂದನ್ನು ಸರಿಪಡಿಸಿ ತೋರಿಸಬೇಕು. ನನ್ನ ಸರದಿಯ ದಿನ ಸಂತೆ ಮುಗಿಸಿದ ಹೆಂಗಸರು ಬುಟ್ಟಿ, ಚೀಲ, ಒಣಮೀನಿನ ಗಂಟು ಹೊತ್ತು ನುಗ್ಗಿದ್ದರು. ಕಾಲಿಡಲು ಜಾಗವಿಲ್ಲ, ಜಗಳ ಜೋರು. ನಾನು ಸೀಟಿನ ಮೇಲೆ ಹತ್ತಿ ನಿಂತು, ಸಾಮಾನುಗಳನ್ನೆಲ್ಲ ಬಾಗಿಲ ಬಳಿ ಕ್ರಮವಾಗಿ ಜೋಡಿಸಬೇಕೆಂದು ಕ್ಲಿಯರ್ ವಾಯ್ಸಿನಲ್ಲಿ ಹೇಳಿದೆ. ಬಾಗಿಲ ಬಳಿ ಇಟ್ಟ ಬುಟ್ಟಿ ಮುಂದಿನ ಸ್ಟೇಷನ್ನಿನಲ್ಲಿ ಯಾರದೋ ಜೊತೆ ಇಳಿದುಹೋಗುತ್ತದೆಂದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಒಬ್ಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಳೀ ಬಾಯಿ, ಬಿದ್ದಗಿದ್ದಿ,” ಅಂದಳು.

ಆಗ ಗೆಳತಿ, ಬಾಯಿ ತೆಗೆಯದ ಆ ಹುಡುಗಿ, ಕೂತಲ್ಲಿಂದಲೇ ಕೈ ಚಾಚಿ ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವಳ ಬುಟ್ಟಿಯನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಿಂತವರ ಹೊರೆ ಕೂತವರ ತೊಡೆಗೆ: ಅದು ಆ ಗಾಡಿಯ ಹಳೆಯ ವಾಡಿಕೆಯಂತೆ, ಗದ್ದಲದಲ್ಲಿ ಮರೆತಿದ್ದರು. ಆಮೇಲೆ ಅವಳು ಒಬ್ಬಳಿಗೆ ಮರಾಠಿಯಲ್ಲಿ ಮಾವಶಿ ಎಂದು, ಇನ್ನೊಬ್ಬಳಿಗೆ ಕನ್ನಡದಲ್ಲಿ ಚಿಗವ್ವಾ ಎಂದು ಹೇಳುತ್ತ ಹೋದಳು. ಬುಟ್ಟಿಗಳು ಒಂದೊಂದಾಗಿ ತೊಡೆಗಳಿಗೆ ಏರಿದವು, ನೆಲ ಕಾಣಿಸಿತು. ನನ್ನ ತೊಡೆಗೆ ಬಂದದ್ದು ಒಣಮೀನಿನ ಗಂಟು. ನಮ್ಮದು ಇಷ್ಟಲಿಂಗ ಪೂಜೆಯ ಮನೆ. ಮೊಟ್ಟೆಯ ಅಂಗಡಿಯನ್ನೂ ಆಚೆ ಬದಿಯಿಂದ ದಾಟುವವರು. ಅದನ್ನು ಖಾನಾಪುರದ ತನಕ ಹಿಡಿದು ಕೂತೆ. ಮನೆಗೆ ಬಂದಾಗ ಅವ್ವ ಮೂಗು ಮುಚ್ಚಿಕೊಂಡು ಇದೇನು ವಾಸನೆ ಎಂದಳು. ಪ್ರಾಕ್ಟಿಕಲ್ಸ್ ಎಂದೆ. ಕೆಮಿಸ್ಟ್ರಿ ಯಾವಾಗ ತೆಗೆದುಕೊಂಡೆ ಎಂದು ಅಪ್ಪ ಪೇಪರಿನಿಂದ ತಲೆ ಎತ್ತಿದರು.

ಎಲ್ಲ ಸುಸೂತ್ರವಾಗಿ ನಡೆದಿತ್ತು. ಒಂದು ದಿನ, ಮುಂದೆ ಗೂಡ್ಸ್ ಗಾಡಿ ಕೆಟ್ಟು ನಿಂತಿದೆಯೆಂದು ನಮ್ಮ ಗಾಡಿಯನ್ನು ಖಾನಾಪುರಕ್ಕಿಂತ ಮೊದಲೇ ನಿಲ್ಲಿಸಿದರು. ಹೊರಗೆ ಬೆಳಕು ಇಳಿಯತೊಡಗಿತು. ಮೇಡಂ ಪಾಠ ನಿಲ್ಲಿಸಿದರು. ಗೆಳತಿ ಕಿಟಕಿಯ ಸರಳು ಹಿಡಿದು ಆಕಾಶವನ್ನೇ ನೋಡುತ್ತಿದ್ದಳು. ಗಾಡಿ ಖಾನಾಪುರ ಮುಟ್ಟಿದಾಗ ಸ್ಟೇಷನ್ನಿನ ದೀಪಗಳು ಹತ್ತಿದ್ದವು. ಗುಂಜಿ ಇನ್ನೂ ಮುಂದಿನ ಸ್ಟೇಷನ್.

ನಾವೂ ಗುಂಜಿಗೆ ಬರುತ್ತೇವೆ, ಅಜ್ಜನಿಗೆ ಗೂಡ್ಸ್ ಗಾಡಿಯ ವಿಷಯ ನಾನು ಹೇಳುತ್ತೇನೆ ಎಂದೆ. ಪಾಯಿಂಟುಗಳು ಆಗಲೇ ತಯಾರಿದ್ದವು. ಮೇಡಂ ಸಹ ತಲೆಯಾಡಿಸಿದರು. ಗೆಳತಿ ನನ್ನ ಚೀಲವನ್ನು ಎತ್ತಿ ನನ್ನ ಕೈಯಲ್ಲೇ ಇಟ್ಟಳು.

“ನೀ ಇಳಿ. ನೀ ಬಂದ್ರ ಅಜ್ಜಗ ನಿನ್ನ ಮಾತ ಕೇಳಸ್ತದ, ನಂದು ಕೇಳಸೂದಿಲ್ಲ.”

ಇಳಿದೆ. ನನ್ನ ಜೀವಮಾನದಲ್ಲಿ ಮಾತು ತಯಾರಿದ್ದೂ ಆಡದೆ ಬಂದದ್ದು ಅದೇ ಮೊದಲು. ಎದುರಿನ ಗಾಡಿಯಲ್ಲಿ ಬೆಳಗಾವಿಗೆ ಬರುವ ತನಕ ಮೇಡಂ ನನ್ನ ಕೈ ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗದೆ ನೇರ ಸ್ಟೇಷನ್ನಿಗೆ ಹೋದೆ. ಗಾಡಿ ಬಂತು. ಲೇಡೀಸ್ ಡಬ್ಬಿಯಿಂದ ಹಾಲಿನ ಕೊಡಗಳು ಇಳಿದವು, ತರಕಾರಿ ಬುಟ್ಟಿಗಳು ಇಳಿದವು, ಖಾನಾಪುರದ ಹುಡುಗಿಯರು ಇಳಿದರು. ಎಲ್ಲರಾದ ಮೇಲೆ ಅವಳು, ಯಾರದೋ ಬುಟ್ಟಿ ಕೆಳಗೆ ಇಳಿಸಿಕೊಟ್ಟು, ಹಿಂದಿನಿಂದ ಬಂದಳು. ನಾನು ಅಲ್ಲೇ ಅತ್ತುಬಿಟ್ಟೆ. ಅವಳಿಗೆ ನಗು.

ಅವಳು ಹೇಳಿದ ಕಥೆ ಇಷ್ಟು. ಗುಂಜಿಯಲ್ಲಿ ಇಳಿದವಳು ತಾನೊಬ್ಬಳೇ ಕಾಲುದಾರಿ ಹಿಡಿಯಲಿಲ್ಲ. ಇಳಿದ ಹೆಂಗಸರನ್ನೆಲ್ಲ ಪ್ಲಾಟ್‌ಫಾರ್ಮಿನಲ್ಲಿ ತಡೆದು, ಒಬ್ಬರೂ ಮುಂದೆ ಹೋಗಕೂಡದು, ಒಬ್ಬರೂ ಹಿಂದೆ ಉಳಿಯಕೂಡದು ಎಂದಳಂತೆ. ಬುಟ್ಟಿಗಳನ್ನು ಬಡಿಯುತ್ತ, ಊಟದ ಡಬ್ಬಿ ಬಾರಿಸುತ್ತ, ಬಾಯಿಗೆ ಬಂದದ್ದನ್ನು ಕೂಗುತ್ತ ಕಾಡಿನ ನಡುವೆ ಹೊರಟಿತು ಮೆರವಣಿಗೆ. ಇವಳು ನಡುವೆ, ಹಿಂದಾದವರನ್ನು ಹೆಸರು ಹಿಡಿದು ಗದರಿಸುತ್ತ. ಲಾಟೀನು ಹಿಡಿದು ಬರುತ್ತಿದ್ದ ಅಜ್ಜ ದಾರಿ ಬಿಟ್ಟು ಬದಿಗೆ ನಿಂತನಂತೆ. ಮನೆಗೆ ಹೋದ ಮೇಲೆ, ಗಾಡಿ ತಡವಾದರೆ ಇನ್ನು ಮುಂದೆ ಹೀಗೇ ಬರುತ್ತೇವೆ, ಕಾಲೇಜು ಬಿಡುವುದಿಲ್ಲ ಎಂದು ಇವಳೇ ಹೇಳಿದಳಂತೆ. ಅಜ್ಜ ಎಲೆ ಅಡಿಕೆ ಅಗಿಯುತ್ತ ಅಂದದ್ದು: “ಆ ಗದ್ದಲಕ್ಕ ಕರಡಿ ಹಂಗಿರಲಿ, ನಾನ ಓಡಿ ಹೋಗಬೇಕಂತ ಮಾಡಿದ್ದೆ. ಹೋಗ್ ತಂಗಿ.”

ವರ್ಷದ ಕೊನೆಗೆ ಸರ್ಟಿಫಿಕೇಟ್ ಸಿಕ್ಕಿತು, ಇಬ್ಬರಿಗೂ. ಡಿಬೇಟಿನಲ್ಲಿ ನಾನು ಸೋತೆ. ಎದುರಿನವರು ಏನು ಹೇಳುತ್ತಿದ್ದಾರೆಂದು ಕೇಳುತ್ತ ಕೂತು, ಹೌದಲ್ಲ ಅನ್ನಿಸಿಬಿಟ್ಟಿತ್ತು.

ಗೆಳತಿಗೆ ಬೆಳಗಾವಿಯಿಂದ ಉತ್ತರಕ್ಕೆ, ದೂರದ ಊರೊಂದರಲ್ಲಿ ಬಿ.ಎಡ್. ಸೀಟು ಸಿಕ್ಕಾಗ ಅಜ್ಜ ಬೆಳಗಾವಿಯ ತನಕ ಕಳಿಸಲು ಬಂದಿದ್ದ. ಅದರಾಚೆ ಆತ ಹೋದವನಲ್ಲ. ನಾನೂ ಸ್ಟೇಷನ್ನಿಗೆ ಹೋಗಿದ್ದೆ. ಬೆಳಗಾವಿಯಲ್ಲಿ ಗಾಡಿ ಬದಲಿಸಿ ಅವಳು ಕಿಟಕಿಯ ಬಳಿ ಕೂತಳು. ಅಜ್ಜ ಕಿಟಕಿಯ ಹತ್ತಿರ ಬಂದ. ಅವಳ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ, ನಮ್ಮ ಹುಡುಗಿ ಐತ್ರಿ ಎಂದಷ್ಟೇ ಹೇಳಿದ. ಗಾಡಿ ಹೋಯಿತು. ಹಳಿ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ನಿಂತೆವು.

ನಾನು ಹೋಗಿ ಬರುತ್ತೇನೆ ಅಜ್ಜಾ ಎಂದೆ. ಮನೆಗೆ ಒಬ್ಬಳೇ ಹೋಗುತ್ತೀಯಾ ಎಂದು ಕೇಳಿ, ಕೋಲು ಹಿಡಿದು ಹೊರಟು ನಿಂತ. ಉರಿಯುವ ಮಧ್ಯಾಹ್ನ, ದಿನವೂ ತಿರುಗಾಡುವ ಊರು. ಆದರೂ ಬೇಡವೆನ್ನದೆ ಮುಂದೆ ನಡೆದೆ. ಸ್ಟೇಷನ್ನಿನಿಂದ ಖಾಸಬಾಗದವರೆಗೆ ಆತ ನನ್ನ ಹಿಂದೆ ಕೋಲು ಊರುತ್ತ ಬಂದ. ಒಳಗೆ ಬಂದು ಚಹಾ ಕುಡಿಯಿರಿ ಎಂದರೆ, ತನ್ನ ಗಾಡಿಗೆ ಹೊತ್ತಾಯಿತೆಂದ. ನಮ್ಮ ಓಣಿಯ ಬಾಯಲ್ಲೇ ನಿಂತ. ನಾನು ಮನೆಯ ಬಾಗಿಲು ತಟ್ಟಿ ತಿರುಗಿ ನೋಡಿದೆ. ಆತ ಕೋಲು ಎತ್ತಿ, ಒಳಗೆ ಹೋಗು ಎಂದು ಸನ್ನೆ ಮಾಡಿದ. ಅವ್ವ ಬಾಗಿಲು ತೆಗೆದಳು, ನಾನು ಒಳಗೆ ಹೋದೆ.